ಮೇಲಿನ ಮನೆ ಖಾಲಿ ಇತ್ತು

ಫೆಬ್ರವರಿಯ ಒಂದು ಭಾನುವಾರ ಜಯನಗರದಲ್ಲಿ ಗೆಳತಿಯೊಬ್ಬಳ ಮನೆಯ ಮಹಡಿ ಮೇಲೆ ನಾವು 16 ಜನ ಸೇರಿದ್ದೆವು. ತಿಂಗಳಿಗೊಂದು ಸಲ ಹೀಗೆ ಸೇರುತ್ತೇವೆ. ಒಂದು ವಿಷಯ ಇಟ್ಟುಕೊಂಡು ಮಾತಾಡುತ್ತೇವೆ, ಆಮೇಲೆ ಉಪ್ಪಿಟ್ಟು, ಕಾಫಿ. ಆ ದಿನದ ವಿಷಯ ಜನಾಂಗ ತಾರತಮ್ಯ. ಒಬ್ಬರ ಬಣ್ಣ, ಮುಖ, ಮೂಲ ನೋಡಿ ನಾವು ಹೇಗೆ ನಡೆದುಕೊಳ್ಳುತ್ತೇವೆ ಅನ್ನುವುದು.

ಅರ್ಧ ಗಂಟೆಯೊಳಗೆ ಮಾತು ಬೇರೆ ಕಡೆ ಹೊರಳಿತು. ತಾರತಮ್ಯ ಪಕ್ಕಕ್ಕೆ ಸರಿದು, ಅದರ ಬಗ್ಗೆ ಮಾತಾಡುವ ಹಕ್ಕು ಯಾರಿಗಿದೆ ಅನ್ನುವ ಜಗಳ ಶುರುವಾಯಿತು. ನಿವೃತ್ತ ಮೇಷ್ಟ್ರೊಬ್ಬರು, "ಪೆಟ್ಟು ತಿಂದವರು ಮಾತಾಡಬೇಕು. ನಾವು ಕೇಳಿಸ್ಕೋಬೇಕು, ಅಷ್ಟೇ" ಅಂದರು. ಐಟಿ ಕಂಪನಿಯಲ್ಲಿರುವ ಹುಡುಗನಿಗೆ ಅದು ಒಪ್ಪಿಗೆಯಾಗಲಿಲ್ಲ. "ಹಾಗಂದ್ರೆ ಹೇಗೆ ಸರ್? ಪೆಟ್ಟು ತಿಂದವರೇ ಬಂದು ನಮಗೆ ಪಾಠಾನೂ ಮಾಡ್ಬೇಕಾ? ತಪ್ಪು ಕಂಡ್ರೆ ಯಾರು ಬೇಕಾದ್ರೂ ಹೇಳ್ಬಹುದಲ್ವಾ?" ಇಬ್ಬರ ಮಾತಿನಲ್ಲೂ ನ್ಯಾಯ ಇತ್ತು. ಇಬ್ಬರೂ ಬಿಟ್ಟುಕೊಡಲಿಲ್ಲ. ಉಳಿದವರು ಆ ಕಡೆ ಕೆಲವರು, ಈ ಕಡೆ ಕೆಲವರು ಆದರು.

ನಾನೂ ಮಾತಾಡಿದೆ. ನನ್ನ ಬಣ್ಣದ ಬಗ್ಗೆ.

ನಮ್ಮ ಮನೆಯಲ್ಲಿ ಎಲ್ಲರಿಗಿಂತ ಕಪ್ಪು ನಾನು. ಹುಟ್ಟಿದಾಗ ಅಜ್ಜಿ ತೊಟ್ಟಿಲಿಗೆ ಬಗ್ಗಿ ನೋಡಿ, "ಮುಖ ಲಕ್ಷಣವಾಗಿದೆ ಬಿಡು" ಅಂದರಂತೆ. ಆ "ಬಿಡು" ನನ್ನ ಜೊತೆಗೇ ಬೆಳೆಯಿತು. ಕಡಲೆಹಿಟ್ಟು, ಹಾಲಿನ ಕೆನೆ, ಅರಿಶಿನ, ಆಮೇಲೆ ಟ್ಯೂಬಿನ ಕ್ರೀಮು. ಆ ಕ್ರೀಮು ಮಾರುಕಟ್ಟೆಗೆ ಬಂದದ್ದು 1975ರಲ್ಲಿ. ಅದರ ಹೆಸರಿನಿಂದ 'ಫೇರ್' ಅನ್ನುವ ಪದ ಹೋದದ್ದು 2020ರಲ್ಲಿ. ಅದೂ ಅಮೆರಿಕದ ಮಿನಿಯಾಪೊಲಿಸ್‌ನಲ್ಲಿ ಜಾರ್ಜ್ ಫ್ಲಾಯ್ಡ್ ಪೊಲೀಸನೊಬ್ಬನ ಮೊಣಕಾಲಿನ ಕೆಳಗೆ ಪ್ರಾಣ ಬಿಟ್ಟು, ಪ್ರಪಂಚದ ತುಂಬ ಗಲಾಟೆ ಎದ್ದ ಮೇಲೆ. ಅಷ್ಟು ಹೊತ್ತಿಗೆ ನನ್ನ ಮದುವೆಯಾಗಿ ಎಷ್ಟೋ ವರ್ಷ ಆಗಿತ್ತು. ನನ್ನನ್ನು ನೋಡಿ ಹೋದವರು ಮಧ್ಯವರ್ತಿಯ ಹತ್ತಿರ, "ಹುಡುಗಿ ಕಪ್ಪಾದರೂ ಲಕ್ಷಣವಾಗಿದ್ದಾಳೆ" ಅಂದಿದ್ದರು. ನಮ್ಮಲ್ಲಿ ಇದು ಹೊಗಳಿಕೆ. ಆ "ಆದರೂ" ಒಳಗೆ ಏನಿದೆ ಅನ್ನುವುದು ಅದನ್ನು ಕೇಳಿಸಿಕೊಂಡವರಿಗೇ ಗೊತ್ತು.

ಇದನ್ನೆಲ್ಲ ಹೇಳುವಾಗ ನನ್ನ ಗಂಟಲು ಕಟ್ಟಿತು. ಎಲ್ಲರೂ ಸುಮ್ಮನಾದರು. ಹೇಳಿ ಮುಗಿಸಿದಾಗ, ಈ ವಿಷಯ ಮಾತಾಡಲು ನನಗೂ ಹಕ್ಕಿದೆ ಅನ್ನುವ ಸಮಾಧಾನ ಒಳಗೇ ಇತ್ತು.

ಕಿಟಕಿಯ ಪಕ್ಕ ಒಬ್ಬರು ಕೂತಿದ್ದರು. ಗೆಳತಿಯ ಪರಿಚಯದವರು, ಮೊದಲನೇ ಸಲ ಬಂದಿದ್ದರು. ಯಲ್ಲಾಪುರದ ಕಡೆಯ ಸಿದ್ದಿ ಸಮುದಾಯದವರು. ಇಲ್ಲಿ ಒಂದು ಲ್ಯಾಬ್‌ನಲ್ಲಿ ಟೆಕ್ನಿಷಿಯನ್. ಬಂದಾಗ ನಮ್ಮಲ್ಲಿ ಮೂವರು ಅವರನ್ನು ಇಂಗ್ಲಿಷಿನಲ್ಲಿ ಮಾತಾಡಿಸಿದ್ದರು. ಅವರು ಮೂವರಿಗೂ ಕನ್ನಡದಲ್ಲೇ ಉತ್ತರ ಕೊಟ್ಟಿದ್ದರು.

ಮೇಷ್ಟ್ರು ಅವರ ಕಡೆ ತಿರುಗಿ, "ನಾವೇ ಮಾತಾಡ್ತಾ ಇದೀವಿ. ನೀವು ಹೇಳ್ಬೇಕು" ಅಂದರು.

ಅವರು ಸ್ವಲ್ಪ ಯೋಚಿಸಿದರು. "ಹೇಳಬಹುದು ಸರ್. ನೀವೆಲ್ಲ ಚೆನ್ನಾಗಿ ಕೇಳ್ತೀರಿ, ಅದೂ ಗೊತ್ತು. ಆದರೆ ನನಗೆ ಈಗ ಬೇಕಾಗಿರೋದು ಒಂದು ಮನೆ. ಎರಡು ತಿಂಗಳಿಂದ ಹುಡುಕ್ತಾ ಇದ್ದೇನೆ. ಫೋನಿನಲ್ಲಿ ಮಾತಾಡಿದಾಗ ಎಲ್ಲರೂ ಬನ್ನಿ ಅಂತಾರೆ. ಹೋಗಿ ನಿಂತರೆ, ಈಗಷ್ಟೇ ಕೊಟ್ಟುಬಿಟ್ವಿ ಅಂತಾರೆ. ನಿಮ್ಮಲ್ಲಿ ಯಾರದಾದ್ರೂ ಮನೆ ಖಾಲಿ ಇದೆಯಾ?"

ಯಾರೂ ಮಾತಾಡಲಿಲ್ಲ. ಗೆಳತಿ ಕಾಫಿ ತರುತ್ತೇನೆ ಅಂತ ಎದ್ದಳು.

ಹನುಮಂತನಗರದಲ್ಲಿ ನಮ್ಮಮ್ಮನ ಮನೆಯ ಮಹಡಿ ಡಿಸೆಂಬರ್‌ನಿಂದ ಖಾಲಿ ಇತ್ತು. ಎರಡು ರೂಮು, ಹಾಲು, ಅಡುಗೆಮನೆ. ಗೇಟಿಗೆ ಬೋರ್ಡು ಕಟ್ಟಿತ್ತು: ಮನೆ ಬಾಡಿಗೆಗೆ ಇದೆ, ಸಸ್ಯಾಹಾರಿಗಳಿಗೆ ಮಾತ್ರ.

ನಾನು ಕೈ ಎತ್ತಲಿಲ್ಲ.

*

ಸಿದ್ದಿಗಳು ಯಾರು ಅಂತ ಇನ್ನೂ ಎಷ್ಟೋ ಜನ ಕನ್ನಡಿಗರಿಗೆ ಗೊತ್ತಿಲ್ಲ. ಆಫ್ರಿಕಾದ ಪೂರ್ವ ಕಡೆಯಿಂದ ಪೋರ್ಚುಗೀಸರು ಮತ್ತು ಅರಬ್ ವ್ಯಾಪಾರಿಗಳು ಇವರ ಹಿರಿಯರನ್ನು ಗುಲಾಮರನ್ನಾಗಿ ಈ ಕಡೆಗೆ ತಂದರು. ಗೋವಾದಿಂದ ತಪ್ಪಿಸಿಕೊಂಡವರು, ಬಿಡುಗಡೆಯಾದವರು ಘಟ್ಟದ ಕಾಡು ಸೇರಿದರು. ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲಾ ಕಡೆ ನೂರಾರು ವರ್ಷಗಳಿಂದ ಇದ್ದಾರೆ. ಅವರಲ್ಲಿ ಹಿಂದೂಗಳಿದ್ದಾರೆ, ಮುಸ್ಲಿಮರಿದ್ದಾರೆ, ಕ್ರೈಸ್ತರಿದ್ದಾರೆ. ಮನೆಯಲ್ಲಿ ಕೊಂಕಣಿಯೂ ಇದೆ, ಕನ್ನಡವೂ ಇದೆ. ಉತ್ತರ ಕನ್ನಡದ ಸಿದ್ದಿಗಳನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಿದ್ದು 2003ರಲ್ಲಿ. ಅವರಲ್ಲೊಬ್ಬರು, ಶಾಂತಾರಾಮ ಸಿದ್ದಿ, ವಿಧಾನ ಪರಿಷತ್ತಿಗೆ ನಾಮಕರಣವಾಗಿ ಹೋಗಲು 2020 ಬರಬೇಕಾಯಿತು.

ನಡುವೆ ಒಂದು ಸಲ ಸರ್ಕಾರಕ್ಕೆ ಇವರ ನೆನಪಾಗಿತ್ತು. 1987ರಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರದವರು ಸಿದ್ದಿ ಮಕ್ಕಳನ್ನು ಹುಡುಕಿಕೊಂಡು ಬಂದರು. ಆಫ್ರಿಕಾದ ಮೂಲ, ಚೆನ್ನಾಗಿ ಓಡುತ್ತಾರೆ, ಒಲಿಂಪಿಕ್ಸ್‌ನಲ್ಲಿ ಪದಕ ತರುತ್ತಾರೆ ಅನ್ನುವ ಲೆಕ್ಕ. ಮಕ್ಕಳನ್ನು ಊರಿಂದ ಕರೆದೊಯ್ದು ತರಬೇತಿ ಕೊಟ್ಟರು. ಕೆಲವರು ನಿಜವಾಗಿಯೂ ಚೆನ್ನಾಗಿ ಓಡಿದರು. ಕೆಲವೇ ವರ್ಷಗಳಲ್ಲಿ ಯೋಜನೆ ನಿಂತಿತು, ಮಕ್ಕಳು ಊರಿಗೆ ವಾಪಸ್ ಬಂದರು. ನನಗೆ ಈ ಕಥೆ ತುಂಬಾ ಕಾಡುತ್ತದೆ. ಮಕ್ಕಳನ್ನು ನೋಡಿದವರಿಗೆ ಕಂಡದ್ದು ಅವರ ಕಾಲು ಮಾತ್ರ. ಆ ಮಕ್ಕಳಿಗೆ ಏನಾಗಬೇಕು ಅಂತ ಆಸೆಯಿದೆ ಅನ್ನುವುದನ್ನು ಯಾರಾದರೂ ಕೇಳಿದ್ದರಾ?

ಇದನ್ನು ಬರೆಯುವ ಮೊದಲು ಆ ಗೆಳೆಯರಿಗೆ ಫೋನ್ ಮಾಡಿ ಕೇಳಿದೆ. "ಬರೀರಿ ಅಕ್ಕಾ. ಹೆಸರು ಬೇಡ. ಮನೆ ವಿಷಯ ಬರೀರಿ. ಮಗನಿಗೆ ಆಗಿದ್ದು ಬರೀಬೇಡಿ, ಅದು ಅವನದು. ದೊಡ್ಡವನಾದ ಮೇಲೆ ಬೇಕಾದರೆ ಅವನೇ ಹೇಳ್ತಾನೆ" ಅಂದರು. ಆ ಒಂದು ಸಂಗತಿ ಈ ಬರಹದಲ್ಲಿ ಇಲ್ಲ.

*

ಪ್ರಿವಿಲೇಜ್ ಅನ್ನುವ ಮಾತಿಗೆ ಕನ್ನಡದಲ್ಲಿ ಏನು ಹೇಳೋಣ ಅಂತ ಆ ಭಾನುವಾರವೂ ಚರ್ಚೆಯಾಗಿತ್ತು. ಒಬ್ಬರು ವಿಶೇಷಾಧಿಕಾರ ಅಂದರು. ಇನ್ನೊಬ್ಬರು ಸವಲತ್ತು ಅಂದರು. ಸವಲತ್ತು ಅಂದ ಕೂಡಲೇ ನನಗೆ ನಮ್ಮ ಮನೆಯ ಊಟದ ಹೊತ್ತು ನೆನಪಾಯಿತು.

ನಾವು ಬ್ರಾಹ್ಮಣರು. ನಾನು ಚಿಕ್ಕವಳಿದ್ದಾಗ ಸವಲತ್ತು ಅನ್ನುವ ಪದ ನಮ್ಮ ಮನೆಯಲ್ಲಿ ದಿನಾ ಬರುತ್ತಿತ್ತು. "ಅವರಿಗೇನು ಬಿಡು, ಸವಲತ್ತು ಇದೆ." ಅವರು ಅಂದರೆ ಮೀಸಲಾತಿ ಇರುವವರು. ಪಕ್ಕದ ಮನೆ ಅಣ್ಣನಿಗೆ ಇಂಜಿನಿಯರಿಂಗ್ ಸೀಟು ತಪ್ಪಿದ್ದು ಸವಲತ್ತಿನಿಂದ. ಚಿಕ್ಕಪ್ಪನಿಗೆ ಬಡ್ತಿ ತಡವಾಗಿದ್ದು ಸವಲತ್ತಿನಿಂದ. ಆ ಪದ ಒಂದು ಸಲವಾದರೂ ನಮ್ಮ ಕಡೆ ತಿರುಗಿದ್ದು ನನಗೆ ನೆನಪಿಲ್ಲ.

ನಮ್ಮ ತಾತ ತುಮಕೂರು ಕಡೆಯ ಒಂದು ಹಳ್ಳಿಯ ಶ್ಯಾನುಭೋಗರು. ಅವರ ಅಪ್ಪನೂ ಶ್ಯಾನುಭೋಗರೇ. ಊರಿನ ಜಮೀನಿನ ಲೆಕ್ಕ, ಪಹಣಿ, ಕಂದಾಯ ಎಲ್ಲ ಅವರ ಕೈಯಲ್ಲಿ. ಆ ಕೆಲಸಕ್ಕೆ ಅರ್ಜಿ ಇಲ್ಲ, ಪರೀಕ್ಷೆ ಇಲ್ಲ. ಮಗನಾಗಿ ಹುಟ್ಟಿದರೆ ಸಾಕಿತ್ತು. 1961ರ ಕಾಯ್ದೆ ಇಂಥ ವಂಶಪಾರಂಪರ್ಯದ ಹಳ್ಳಿ ಹುದ್ದೆಗಳನ್ನು ರದ್ದು ಮಾಡಿತು. ತಾತ ಬೆಂಗಳೂರಿಗೆ ಬಂದರು. ಓದು ಬರಹ ಬರುತ್ತಿತ್ತು, ಲೆಕ್ಕ ಬರುತ್ತಿತ್ತು, ಗಾಂಧಿಬಜಾರಿನಲ್ಲಿ ಬಂಧುಗಳಿದ್ದರು. ಒಂದೇ ತಿಂಗಳಲ್ಲಿ ಗುಮಾಸ್ತರ ಕೆಲಸ ಸಿಕ್ಕಿತು. ಉಳಿಯಲು ಬಂಧುಗಳ ಮನೆಯ ಔಟ್‌ಹೌಸ್ ಸಿಕ್ಕಿತು. ಕೆಲವು ವರ್ಷಕ್ಕೆ ಹನುಮಂತನಗರದಲ್ಲಿ ಸೈಟು. "ಬರಿಗೈಯಲ್ಲಿ ಬಂದು ಮನೆ ಕಟ್ಟಿದೆ" ಅಂತ ತಾತ ಕೊನೆಯವರೆಗೂ ಹೇಳುತ್ತಿದ್ದರು. ಕಷ್ಟಪಟ್ಟರು, ಅದು ನಿಜ. ಎರಡು ಪಂಚೆಯಲ್ಲಿ ವರ್ಷ ಕಳೆದವರು. ಆದರೆ ಕೈ ಬರಿದಾಗಿರಲಿಲ್ಲ. ಅಪ್ಪ, ಮಗ ಅಂತ ತಲೆಮಾರುಗಳ ಕಾಲ ಒಂದೇ ಮನೆಗೆ ಮೀಸಲಾಗಿದ್ದ ಕೆಲಸವನ್ನು ನಾವು ಸವಲತ್ತು ಅಂತ ಯಾವತ್ತೂ ಕರೆಯಲಿಲ್ಲ. ಅದಕ್ಕೆ ಮನೆತನ ಅನ್ನುತ್ತಿದ್ದೆವು.

*

2012ರ ಆಗಸ್ಟ್. ಅಸ್ಸಾಂನಲ್ಲಿ ಗಲಭೆ ನಡೆದಿತ್ತು. ಅದಕ್ಕೆ ಸೇಡಾಗಿ ಬೆಂಗಳೂರಿನಲ್ಲಿರುವ ಈಶಾನ್ಯ ರಾಜ್ಯದವರ ಮೇಲೆ ದಾಳಿ ಆಗುತ್ತದೆ ಅಂತ ಮೆಸೇಜುಗಳು ಹರಿದಾಡಿದವು. ಎರಡೇ ದಿನದಲ್ಲಿ ಸಾವಿರಾರು ಜನ ಸಿಟಿ ರೈಲ್ವೆ ನಿಲ್ದಾಣಕ್ಕೆ ಬಂದರು. ಗುವಾಹಟಿಗೆ ವಿಶೇಷ ರೈಲು ಬಿಡಬೇಕಾಯಿತು. ಆಗಿನ ಗೃಹ ಸಚಿವರೇ ನಿಲ್ದಾಣಕ್ಕೆ ಹೋಗಿ ಹೋಗಬೇಡಿ ಅಂತ ಕೇಳಿಕೊಂಡರು. ಸುಳ್ಳು ಸುದ್ದಿ ಹಬ್ಬದಿರಲಿ ಅಂತ ಕೇಂದ್ರ ಸರ್ಕಾರ ದಿನಕ್ಕೆ 5 ಮೆಸೇಜು ಮಾತ್ರ ಕಳಿಸಬಹುದು ಅಂತ ಮಿತಿ ಹಾಕಿತು.

ನಾನು ಆಗ ಕೆಲಸ ಮಾಡುತ್ತಿದ್ದ ಆಫೀಸಿನಲ್ಲಿ ಅಸ್ಸಾಮಿನ ಹುಡುಗಿಯೊಬ್ಬಳಿದ್ದಳು. ಬ್ಯಾಗು ಹೆಗಲಿಗೆ ಹಾಕಿಕೊಂಡೇ ರಜೆ ಚೀಟಿ ಕೊಡಲು ಬಂದಳು. ನಾನು ಅವಳ ಕೈ ಹಿಡಿದುಕೊಂಡು, "ಏನೂ ಆಗಲ್ಲ ಕಣೇ, ನಮ್ಮ ಬೆಂಗಳೂರು ಹಾಗಲ್ಲ" ಅಂದೆ. ಅವಳು ತನಗೆ ಬರುತ್ತಿದ್ದ ಕನ್ನಡದಲ್ಲೇ, "ನಿನಗೆ ಏನೂ ಆಗಲ್ಲ" ಅಂದಳು. ಸಿಟ್ಟಿನಿಂದ ಅಂದದ್ದಲ್ಲ. ಇದ್ದದ್ದನ್ನು ಅಂದಳು. ರಸ್ತೆಯಲ್ಲಿ "ಚಿಂಕಿ" ಅಂತ ಕೂಗಿಸಿಕೊಂಡು ನಡೆಯುತ್ತಿದ್ದವಳಿಗೆ ಬೆಂಗಳೂರು ಹೇಗಿದೆ ಅಂತ ಹೇಳಲು ನಾನು ಹೋಗಿದ್ದೆ. ಅವಳು ತಿರುಗಿ ಬರಲಿಲ್ಲ.

ಎರಡು ವರ್ಷವೂ ಆಗಿರಲಿಲ್ಲ, 2014ರ ಜನವರಿಯಲ್ಲಿ ದೆಹಲಿಯ ಲಾಜಪತ್ ನಗರದಲ್ಲಿ ಅರುಣಾಚಲದ ವಿದ್ಯಾರ್ಥಿ ನಿಡೋ ತಾನಿಯಾ ಪೆಟ್ಟು ತಿಂದು ಸತ್ತ. ಅವನ ಕೂದಲನ್ನು ಆಡಿಕೊಂಡದ್ದರಿಂದ ಶುರುವಾದ ಜಗಳ. ಆಮೇಲೆ ಕೇಂದ್ರ ಸರ್ಕಾರ ಬೆಜ್‌ಬರುವಾ ಸಮಿತಿ ಮಾಡಿತು, ವರದಿಯೂ ಬಂತು. 2020ರಲ್ಲಿ ಕೊರೊನಾ ಬಂದಾಗ ಮೈಸೂರಿನ ಸೂಪರ್ ಮಾರ್ಕೆಟ್ ಒಂದರಲ್ಲಿ ನಾಗಾಲ್ಯಾಂಡಿನ ಹುಡುಗರನ್ನು ಒಳಗೆ ಬಿಡಲಿಲ್ಲ. ಅದೇ ಮುಖ, ಹೊಸ ನೆಪ.

2016ರ ಜನವರಿ 31ರ ರಾತ್ರಿ ಹೆಸರಘಟ್ಟ ರಸ್ತೆಯಲ್ಲಿ ಆದದ್ದು ನಿಮಗೆ ನೆನಪಿರಬಹುದು. ಸುಡಾನಿನ ವಿದ್ಯಾರ್ಥಿಯೊಬ್ಬ ಓಡಿಸುತ್ತಿದ್ದ ಕಾರು ಹೊಡೆದು ಒಬ್ಬ ಹೆಂಗಸು ತೀರಿಕೊಂಡರು. ಸ್ವಲ್ಪ ಹೊತ್ತಿನ ಮೇಲೆ ಅದೇ ದಾರಿಯಲ್ಲಿ ಇನ್ನೊಂದು ಕಾರು ಬಂತು. ಅದರಲ್ಲಿ ಟಾಂಜಾನಿಯಾದ ವಿದ್ಯಾರ್ಥಿನಿ ಮತ್ತು ಅವಳ ಸ್ನೇಹಿತರಿದ್ದರು. ಅಪಘಾತ ಆದದ್ದೂ ಅವರಿಗೆ ಗೊತ್ತಿರಲಿಲ್ಲ. ಗುಂಪು ಅವರನ್ನು ಹಿಡಿದು ಹೊಡೆಯಿತು. ಕಾರಿಗೆ ಬೆಂಕಿ ಇಟ್ಟರು. ಸುಡಾನಿಗೂ ಟಾಂಜಾನಿಯಾಕ್ಕೂ ಏನು ಸಂಬಂಧ? ಗುಂಪಿಗೆ ಕಂಡದ್ದು ಬಣ್ಣ.

ಮರುದಿನಗಳಲ್ಲಿ ರಾಜ್ಯದ ಗೃಹ ಸಚಿವರು, ಇದು ಜನಾಂಗ ದ್ವೇಷದ ಹಲ್ಲೆ ಅಲ್ಲ, ಅಪಘಾತದಿಂದ ಬಂದ ಸಿಟ್ಟು ಅಂದರು. ನಮ್ಮ ಆಫೀಸಿನ ಕ್ಯಾಂಟೀನಿನಲ್ಲೂ ಅದೇ ಮಾತು. "ಜನಕ್ಕೆ ಕೋಪ ಬಂದಿತ್ತು ರೀ, ಇದನ್ನ ಸುಮ್ನೆ ದೊಡ್ಡದು ಮಾಡ್ತಿದಾರೆ." ನಾನು ತಟ್ಟೆ ಮುಂದಿಟ್ಟುಕೊಂಡು ಕೂತಿದ್ದೆ. ಒಂದು ಮಾತೂ ಆಡಲಿಲ್ಲ. ನನಗೆ ಆಗ ಅನ್ನಿಸಿದ್ದು, ಇದರ ಬಗ್ಗೆ ಹೇಳಲು ನಾನ್ಯಾರು ಅಂತ. ಅದು ವಿನಯ ಅಂದುಕೊಂಡಿದ್ದೆ. ಈಗ ಹಾಗೆ ಅನ್ನಿಸುವುದಿಲ್ಲ. ಆ ಟೇಬಲ್ಲಿಗೆ ಟಾಂಜಾನಿಯಾದ ಹುಡುಗಿ ಬಂದು ಉತ್ತರ ಕೊಡಲು ಆಗುತ್ತಿರಲಿಲ್ಲ. ಅಲ್ಲಿ ಇದ್ದವಳು ನಾನು.

2024ರಲ್ಲಿ ಬಟ್ಟೆ ಕೊಳೆಯಾಗಿದೆ ಅಂತ ರಾಜಾಜಿನಗರ ಮೆಟ್ರೊ ನಿಲ್ದಾಣದಲ್ಲಿ ಒಬ್ಬ ರೈತರನ್ನು ತಡೆದರು. ಅದೇ ವರ್ಷ ಮಾಗಡಿ ರಸ್ತೆಯ ಮಾಲ್ ಒಂದರಲ್ಲಿ ಪಂಚೆ ಉಟ್ಟ ಹಿರಿಯರನ್ನು ಒಳಗೆ ಬಿಡಲಿಲ್ಲ. ಊರಿಗೆ ಊರೇ ಸಿಡಿದೆದ್ದಿತು. ಮೆಟ್ರೊ ಸಿಬ್ಬಂದಿ ಕೆಲಸ ಕಳೆದುಕೊಂಡರು, ಮಾಲ್ 7 ದಿನ ಬಾಗಿಲು ಹಾಕಬೇಕಾಯಿತು. ನನಗೂ ರಕ್ತ ಕುದಿದಿತ್ತು. ಆ ಸಿಟ್ಟು ನ್ಯಾಯವಾದದ್ದೇ. ಆ ಹಿರಿಯರಲ್ಲಿ ನಮ್ಮ ತಾತ ಕಂಡರು, ಅದಕ್ಕೇ ಸಿಟ್ಟು ಬಂತು. ಟಾಂಜಾನಿಯಾದ ಹುಡುಗಿಯಲ್ಲಿ ನಮ್ಮ ಮನೆಯ ಯಾರೂ ಕಾಣಲಿಲ್ಲ.

*

ಯಾವುದನ್ನು ತಾರತಮ್ಯ ಅಂತ ಕರೆಯಬೇಕು ಅಂತ ಹೇಳುವವರು ಯಾರು? 2001ರಲ್ಲಿ ದಕ್ಷಿಣ ಆಫ್ರಿಕಾದ ಡರ್ಬನ್‌ನಲ್ಲಿ ಜನಾಂಗ ತಾರತಮ್ಯದ ವಿರುದ್ಧ ವಿಶ್ವಸಂಸ್ಥೆಯ ದೊಡ್ಡ ಸಮ್ಮೇಳನ ನಡೆಯಿತು. ಭಾರತದ ದಲಿತ ಸಂಘಟನೆಗಳವರು ಅಲ್ಲಿಗೆ ಹೋದರು. ಜಾತಿಯ ವಿಷಯವೂ ಚರ್ಚೆಗೆ ಬರಲಿ ಅಂತ ಕೇಳಿದರು. ಭಾರತ ಸರ್ಕಾರ ಒಪ್ಪಲಿಲ್ಲ. ಜಾತಿ ಬೇರೆ, ಜನಾಂಗ ಬೇರೆ ಅಂದಿತು. ಪುಸ್ತಕದ ಅರ್ಥದಲ್ಲಿ ಬೇರೆ ಇರಬಹುದು. ಆದರೆ 1946ರಲ್ಲೇ ಅಂಬೇಡ್ಕರ್ ಅಮೆರಿಕದ ಕಪ್ಪು ಜನರ ಚಿಂತಕ ಡಬ್ಲ್ಯು.ಇ.ಬಿ. ಡು ಬಾಯ್ಸ್ ಅವರಿಗೆ ಪತ್ರ ಬರೆದಿದ್ದರು. ನಮ್ಮ ಅಸ್ಪೃಶ್ಯರ ಸ್ಥಿತಿಗೂ ನಿಮ್ಮವರ ಸ್ಥಿತಿಗೂ ತುಂಬಾ ಹೋಲಿಕೆ ಇದೆ ಅಂತ. ಡು ಬಾಯ್ಸ್ ಉತ್ತರವನ್ನೂ ಕೊಟ್ಟರು. ನೋವು ಉಂಡ ಇಬ್ಬರಿಗೆ ಸಮುದ್ರದ ಆಚೆ ಈಚೆ ನಿಂತು ಗೊತ್ತಾದದ್ದು, 55 ವರ್ಷದ ಮೇಲೂ ಅಧಿಕಾರದಲ್ಲಿದ್ದವರಿಗೆ ಗೊತ್ತಾಗಲಿಲ್ಲ.

ಅಷ್ಟು ದೂರ ಯಾಕೆ, ನಮ್ಮ ಮನೆಯಲ್ಲೇ ಒಂದು ಕಥೆ ಇದೆ. 1973ರ ನವೆಂಬರ್‌ನಲ್ಲಿ ದೇವರಾಜ ಅರಸು ಸಂಪುಟದ ದಲಿತ ಸಚಿವ ಬಿ. ಬಸವಲಿಂಗಪ್ಪನವರು ಮೈಸೂರಿನ ಸಭೆಯೊಂದರಲ್ಲಿ, ಕನ್ನಡ ಸಾಹಿತ್ಯದಲ್ಲಿ ಬಹಳಷ್ಟು ಬೂಸಾ ಅಂದರು. ರಾಜ್ಯಕ್ಕೆ ಬೆಂಕಿ ಬಿದ್ದಹಾಗಾಯಿತು. ಮೆರವಣಿಗೆ, ಗಲಾಟೆ, ದಲಿತ ವಿದ್ಯಾರ್ಥಿಗಳ ಮೇಲೆ ಹಲ್ಲೆ. ಕೊನೆಗೆ ಅವರು ರಾಜೀನಾಮೆ ಕೊಟ್ಟರು. ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ನಿಲ್ಲಿಸಲು ಹೊರಟಿದ್ದ ಸಚಿವರೂ ಅವರೇ. ನಮ್ಮಪ್ಪ ಆಗ ಲಾ ಕಾಲೇಜಿನ ವಿದ್ಯಾರ್ಥಿ. ಬಸವಲಿಂಗಪ್ಪನವರ ವಿರುದ್ಧ ಮೆರವಣಿಗೆಗೆ ಹೋಗಿದ್ದೆ ಅಂತ ಖುಷಿಯಿಂದ ಹೇಳುತ್ತಿದ್ದರು. ನಾನು ಕಾಲೇಜಿಗೆ ಬಂದ ಮೇಲೆ ಒಂದು ಸಲ ಕೇಳಿದೆ, "ಅಪ್ಪಾ, ಅವರು ಹಾಗೆ ಯಾಕೆ ಅಂದ್ರು ಅಂತ ನೀವು ಯಾರಾದ್ರೂ ಯೋಚನೆ ಮಾಡಿದ್ರಾ? ಆ ಸಾಹಿತ್ಯದಲ್ಲಿ ಅವರ ಕೇರಿ ಎಲ್ಲಿತ್ತು?" ಅಪ್ಪ ತುಂಬಾ ಹೊತ್ತು ಸುಮ್ಮನಿದ್ದು, "ಅವನ್ಯಾರು ಹೇಳೋಕೆ ಅಂತ ಎಲ್ರೂ ಅಂತಿದ್ರು. ನಾನೂ ಅಂದೆ" ಅಂದರು. ಆ ಬಿಸಿಯಿಂದಲೇ ದಲಿತ ಸಂಘರ್ಷ ಸಮಿತಿಗೆ ದಾರಿಯಾಯಿತು ಅನ್ನುವುದು ಅಪ್ಪನಿಗೆ ಗೊತ್ತಿತ್ತು. ಆಮೇಲೆ ಆ ಮೆರವಣಿಗೆಯ ಕಥೆ ಹೇಳುವುದನ್ನು ನಿಲ್ಲಿಸಿದರು.

ಆಗ ಬಸವಲಿಂಗಪ್ಪನವರಿಗೆ ನೀನ್ಯಾರು ಹೇಳೋಕೆ ಅಂದೆವು. ಈಗ ನಮ್ಮನ್ನು ಯಾರಾದರೂ ಹಾಗೆ ಕೇಳಿದರೆ ಬೇಜಾರಾಗುತ್ತದೆ. ನಾವು ಒಳ್ಳೆಯವರು, ನಮ್ಮ ಬಾಯಿ ಯಾಕೆ ಮುಚ್ಚಿಸುತ್ತೀರಿ ಅನ್ನುತ್ತೇವೆ. ಬಸವಲಿಂಗಪ್ಪನವರು ಆಡಿದ ಮಾತಿಗೆ ಸಚಿವ ಸ್ಥಾನ ಹೋಯಿತು. ನಾನು ಜಯನಗರದ ಮಹಡಿಯಲ್ಲಿ ಆಡಿದ ಮಾತಿಗೆ ಏನೂ ಹೋಗಲಿಲ್ಲ. ಒಂದಿಬ್ಬರು ಬಂದು ಬೆನ್ನು ಸವರಿದರು. ನನ್ನ ನೋವು ಸುಳ್ಳಲ್ಲ, ಅದನ್ನು ಯಾರೂ ಕಿತ್ತುಕೊಳ್ಳಬೇಕಾಗಿಲ್ಲ. ಆದರೆ ಬಣ್ಣದ ಕಾರಣಕ್ಕೆ ನನಗೆ ಬಾಡಿಗೆ ಮನೆ ತಪ್ಪಿಲ್ಲ. ಹೆಸರು ಕೇಳಿದ ಕೂಡಲೇ ಬಾಗಿಲು ತೆರೆದಿದೆ. ಮಾತಾಡುವ ಹಕ್ಕು ಯಾರಿಗೆ ಅಂತ ಎರಡು ಗಂಟೆ ಜಗಳ ಆಡಿದೆವಲ್ಲ, ಆಡಿದ ಮಾತಿಗೆ ದಂಡ ಕಟ್ಟುವವರು ಯಾರು ಅಂತ ಒಬ್ಬರೂ ಕೇಳಲಿಲ್ಲ.

ನಾನು ದಂಡ ಕಟ್ಟಬೇಕಾದ ಮಾತು ಒಂದಿತ್ತು. ಅದನ್ನು ಆಡಬೇಕಾದ ಜಾಗ ಹನುಮಂತನಗರ.

*

ಅಮ್ಮನಿಗೆ 72 ವರ್ಷ. ಅಪ್ಪ ಹೋದ ಮೇಲೆ ಮೇಲಿನ ಮನೆಯ ಬಾಡಿಗೆಯೇ ಅವರ ಕೈಖರ್ಚು. ನನ್ನ ಹತ್ತಿರ ಒಂದು ರೂಪಾಯಿ ತೆಗೆದುಕೊಳ್ಳುವುದಿಲ್ಲ. ಮರುದಿನ ಸಂಜೆ ಹುರಳಿಕಾಯಿ ಬಿಡಿಸುತ್ತಾ ಅವರೇ ಕೇಳಿದರು.

"ಯಾರಾದ್ರೂ ಸಿಕ್ಕಿದ್ರೇನೇ ಮನೆಗೆ?"

"ಒಬ್ರಿದಾರಮ್ಮ. ಲ್ಯಾಬ್ ಟೆಕ್ನಿಷಿಯನ್. ಗಂಡ, ಹೆಂಡ್ತಿ, ಒಂದು ಮಗು."

"ಒಳ್ಳೇದಾಯ್ತು. ಯಾವ ಊರು?"

"ಯಲ್ಲಾಪುರ."

ಅಮ್ಮನ ಮುಖ ಅರಳಿತು. "ಹವ್ಯಕರಾ?"

"ಅಲ್ಲಮ್ಮ. ಸಿದ್ದಿಗಳು."

ಯಾರು ಅಂತ ಹೇಳಿದೆ. ಅಮ್ಮ ಹುರಳಿಕಾಯಿ ಕೆಳಗಿಟ್ಟರು. "ಆಫ್ರಿಕಾದವರಾ? ಕನ್ನಡ ಬರತ್ತಾ?"

"ಅವರ ಹಿರಿಯರು ಬಂದು ನೂರಾರು ವರ್ಷ ಆಯ್ತು. ನಾವು ಬೆಂಗಳೂರಿಗೆ ಬಂದು ಅರವತ್ತು ವರ್ಷ ಆಗಿದೆ ಅಷ್ಟೇ."

"ನಂಗೇನಿಲ್ಲ ಕಣೇ. ಅಕ್ಕಪಕ್ಕದವರು ಏನಂತಾರೆ? ಮತ್ತೆ ಅಡುಗೆಮನೆ ನಮ್ಮ ದೇವರ ಮನೆ ಮೇಲೇ ಬರತ್ತೆ. ಮೀನು ಗೀನು ಬೇಯ್ಸಿದ್ರೆ?"

ಅಮ್ಮನ ಆ ಮಾತನ್ನು ನಾನು ತಳ್ಳಿಹಾಕಲಿಲ್ಲ. ಅದು ಅವರಿಗೆ ನಿಜವಾದ ಕಷ್ಟ. ಆದರೆ ಹಿಂದೆ ಇದ್ದ ಬಾಡಿಗೆಯ ಹುಡುಗ, ನಮ್ಮ ಸಂಬಂಧಿಕರ ಕಡೆಯವನು, ವಾರಕ್ಕೆರಡು ಸಲ ಕೋಳಿ ಬಿರಿಯಾನಿ ತರಿಸುತ್ತಿದ್ದ. ರಾತ್ರಿ ಹನ್ನೊಂದಕ್ಕೆ ಕವರು ಮುಚ್ಚಿಕೊಂಡು ಹೋಗಿ ಮೂಲೆಯಲ್ಲಿ ಹಾಕಿ ಬರುತ್ತಿದ್ದ. ಅಮ್ಮನಿಗೆ ಗೊತ್ತಿತ್ತು. ಅದನ್ನು ನೆನಪಿಸಿದೆ.

"ಅದು ಬೇರೆ ಬಿಡೇ. ಅವನು ನಮ್ಮ ಹುಡುಗ."

ಆ ರಾತ್ರಿ ನಾವು ಸರಿಯಾಗಿ ಊಟ ಮಾಡಲಿಲ್ಲ. ಅಮ್ಮ ಎರಡು ದಿನ ನನ್ನ ಹತ್ತಿರ ಮಾತು ಬಿಟ್ಟರು. ಚಿಕ್ಕಪ್ಪ ಫೋನ್ ಮಾಡಿ, "ವಯಸ್ಸಾದವರಿಗೆ ಯಾಕಮ್ಮ ತೊಂದರೆ ಕೊಡ್ತೀಯ, ನಿಂಗೆ ಅಷ್ಟು ಇದ್ರೆ ನಿನ್ನ ಮನೇಲಿ ಇಟ್ಕೋ" ಅಂದರು. ನಾನು ಇರುವುದು ಫ್ಲಾಟಿನಲ್ಲಿ, ಬಾಡಿಗೆಗೆ ಕೊಡಲು ಮಹಡಿ ಇಲ್ಲ. ಆದರೂ ಆ ಮಾತು ಚುಚ್ಚಿತು. ಕಾನೂನು ಏನಾದರೂ ಹೇಳುತ್ತದಾ ಅಂತ ಹುಡುಕಿದೆ. ಸಂವಿಧಾನದ 15ನೇ ವಿಧಿ ಓದಿದೆ. ಜಾತಿ, ಜನಾಂಗ, ಧರ್ಮದ ಕಾರಣಕ್ಕೆ ಯಾರನ್ನೂ ತಡೆಯಬಾರದು ಅಂತ ಅಲ್ಲಿ ಅಂಗಡಿಯ ಹೆಸರಿದೆ, ಹೋಟೆಲಿನ ಹೆಸರಿದೆ, ಬಾವಿ, ಕೆರೆ, ಸ್ನಾನಘಟ್ಟ, ರಸ್ತೆಯ ಹೆಸರಿದೆ. ಬಾಡಿಗೆ ಮನೆಯ ಹೆಸರಿಲ್ಲ. ಬಾವಿಗೆ ಹೋಗಲು ಬಿಡದಿದ್ದರೆ ಕೇಳಬಹುದು. ನಮ್ಮ ಗೇಟಿನ ಬೋರ್ಡನ್ನು ಕೇಳಲು ಮನೆಯವರೇ ಬೇಕು.

ಒಂಬತ್ತನೇ ದಿನ ಅಮ್ಮ, "ಬರೋಕೆ ಹೇಳು. ನೋಡಣ" ಅಂದರು. ಆ ಮಾತು ಹೇಳಲು ಅವರಿಗೆ ಎಷ್ಟು ಕಷ್ಟವಾಯಿತು ಅಂತ ನನಗೆ ಕಾಣುತ್ತಿತ್ತು. ಅವರ ಮೇಲೆ ಪ್ರೀತಿ ಉಕ್ಕಿತು.

ತಕ್ಷಣ ಆ ಗೆಳೆಯರಿಗೆ ಫೋನ್ ಮಾಡಿದೆ. ಕೆಂಗೇರಿಯ ಆಚೆ ಒಂದು ಮನೆ ನೋಡಿದ್ದಾರಂತೆ. ಲ್ಯಾಬಿಗೆ ಎರಡು ಬಸ್ಸು ಬದಲಿಸಿ ಬರಬೇಕು. ಇನ್ನೂ ಅಡ್ವಾನ್ಸ್ ಕೊಟ್ಟಿರಲಿಲ್ಲ. ಹನುಮಂತನಗರ ಅವರಿಗೆ ಹತ್ತಿರ. ಅಮ್ಮ ಒಪ್ಪಿದಾರೆ, ಬನ್ನಿ ಅಂದೆ.

"ಒಪ್ಪೋಕೆ ಎಷ್ಟು ದಿನ ಆಯ್ತು ಅಕ್ಕಾ?"

ಸುಳ್ಳು ಹೇಳಲು ಮನಸ್ಸಾಗಲಿಲ್ಲ. "ಒಂಬತ್ತು ದಿನ."

ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಹಾಗಿದ್ರೆ ಬೇಡ ಅಕ್ಕಾ. ಸಿಟ್ಟಿಲ್ಲ. ಒಪ್ಪಿಸಿ ಕೊಡಿಸಿದ ಮನೆಯಲ್ಲಿ ಇರೋದು ಕಷ್ಟ. ಮಗ ಓಡಾಡಿದ್ರೆ ಕೆಳಗೆ ಸದ್ದಾಯ್ತೇನೋ ಅಂತ ಹೆದರಬೇಕು. ಬಾಡಿಗೆ ಒಂದು ದಿನ ತಡ ಆದ್ರೆ ಹೆದರಬೇಕು. ದಿನಾ ಒಳ್ಳೆಯವನಾಗೇ ಇರಬೇಕು. ಲ್ಯಾಬಲ್ಲಿ ಹಾಗೆ ಇರ್ತೇನೆ, ಬಸ್ಸಲ್ಲಿ ಹಾಗೆ ಇರ್ತೇನೆ. ಮನೆಗೆ ಬಂದ ಮೇಲಾದ್ರೂ ಸುಮ್ನೆ ಇರಬೇಕು ಅನ್ನಿಸ್ತದೆ."

ಮದುವೆಯಾದ ಹೊಸದರಲ್ಲಿ ನಾನು ಮತ್ತು ನನ್ನ ಗಂಡ ವಿಜಯನಗರದಲ್ಲಿ ಬಾಡಿಗೆಗಿದ್ದೆವು. ಜೋರಾಗಿ ಜಗಳವಾಡುತ್ತಿದ್ದೆವು. ಎಷ್ಟೋ ಸಲ ಬಾಡಿಗೆ ಹತ್ತನೇ ತಾರೀಕಿನ ಮೇಲೆ ಕೊಟ್ಟಿದ್ದೇವೆ. ನಲ್ಲಿ ಬಿಟ್ಟು ಹೋಗಿ ಕೆಳಗಿನ ಗೋಡೆಗೆಲ್ಲ ನೀರಿಳಿಸಿದ್ದೇವೆ. ಓನರ್ ಬೈದರು. ಬೈದದ್ದು ನಮ್ಮಿಬ್ಬರನ್ನು. ಇವರ ಜನವೇ ಹೀಗೆ ಅಂತ ಯಾವತ್ತೂ ಅನ್ನಲಿಲ್ಲ. ನಮ್ಮ ನಂತರ ಆ ಮನೆಗೆ ಬಂದವರಿಗೆ ನಮ್ಮ ತಪ್ಪಿಗಾಗಿ ಬಾಗಿಲು ಮುಚ್ಚಲಿಲ್ಲ. ಹೆಸರಘಟ್ಟ ರಸ್ತೆಯಲ್ಲಿ ಯಾರೋ ಓಡಿಸಿದ ಕಾರಿಗೆ ಇನ್ಯಾರೋ ಪೆಟ್ಟು ತಿಂದರು. ನನ್ನ ತಪ್ಪು ನನ್ನ ಹತ್ತಿರವೇ ನಿಲ್ಲುತ್ತದೆ. ಸವಲತ್ತು ಅಂದರೆ ಏನು ಅಂತ ನನಗೆ ಯಾವ ಚರ್ಚೆಯಲ್ಲೂ ಹೀಗೆ ಅರ್ಥವಾಗಿರಲಿಲ್ಲ.

ಅವರು ಕೆಂಗೇರಿಯ ಆಚೆಗೇ ಹೋದರು. 10 ತಿಂಗಳ ಅಡ್ವಾನ್ಸ್ ಹೊಂದಿಸಲು ಊರಿನಿಂದ ಅಣ್ಣ ಸಹಾಯ ಮಾಡಿದರಂತೆ. ಮಾರ್ಚ್‌ನ ನಮ್ಮ ಸಭೆಗೆ ಬರಲಿಲ್ಲ. ಏಪ್ರಿಲ್‌ಗೆ ಬಂದರು, ಸಭೆ ಮುಗಿಯುವವರೆಗೂ ಕೂತಿದ್ದರು. ಅವತ್ತಿನ ವಿಷಯ ಕೆರೆಗಳು. ಅವರು ಚೆನ್ನಾಗಿ ಮಾತಾಡಿದರು.

ನಮ್ಮ ಮಹಡಿ ಇನ್ನೂ ಎರಡು ತಿಂಗಳು ಖಾಲಿ ಇತ್ತು. ಬೋರ್ಡಿನ ಕೆಳಗಿನ ಸಾಲಿಗೆ ನಾನು ಬಿಳಿ ಬಣ್ಣ ಹೊಡೆದೆ. ಅಮ್ಮ ಬಾಗಿಲಲ್ಲಿ ನಿಂತು ನೋಡಿದರು, ಬೇಡ ಅನ್ನಲಿಲ್ಲ. ಒಂದು ಪದರ ಸಾಲಲಿಲ್ಲ, ಅಕ್ಷರ ಇಣುಕುತ್ತಿತ್ತು. ಮಾರನೇ ದಿನ ಇನ್ನೊಂದು ಪದರ ಹೊಡೆದೆ.

ಹೋದ ವಾರ ಅಡುಗೆಮನೆಯಲ್ಲಿ ಸಾರು ಕುದಿಸುತ್ತಿದ್ದೆ. ಹಾಲ್‌ನಲ್ಲಿದ್ದ ಅಮ್ಮನಿಗೆ ಒಂದು ಫೋನ್ ಬಂತು. ಬೋರ್ಡು ನೋಡಿ ಯಾರೋ ಮಾಡಿದ್ದರು. "ಹೂಂ, ಎರಡು ರೂಮು. ಕಾವೇರಿ ನೀರು ದಿನ ಬಿಟ್ಟು ದಿನ ಬರತ್ತೆ. ಸಂಪಿದೆ, ತೊಂದ್ರೆ ಇಲ್ಲ." ಆ ಕಡೆಯವರು ಏನೋ ಕೇಳಿದರು. ಅಮ್ಮ ಒಂದು ಕ್ಷಣ ಸುಮ್ಮನಾದರು. "ನಾವು ತಿನ್ನಲ್ಲ. ನಿಮ್ಮ ಮನೇಲಿ ನೀವು ಏನು ಬೇಕಾದ್ರೂ ಮಾಡ್ಕೊಳಿ. ಕಿಟಕಿ ಹಿಂದಗಡೆ ಇದೆ, ಅದು ತೆಗ್ದಿಟ್ರೆ ಆಯ್ತು" ಅಂದರು.

ಆಮೇಲೆ ಅಮ್ಮ, "ಯಾವ ಊರು ನಿಮ್ಮದು?" ಅಂತ ಕೇಳಿದರು.

ನಾನು ಸ್ಟೌ ಸಣ್ಣ ಮಾಡಿ ಬಾಗಿಲ ಹತ್ತಿರ ಬಂದು ನಿಂತೆ.